ಕುರ್ಚಿ ಬಿಟ್ಟೆದ್ದ ಶಿಕ್ಷಣ ಸಚಿವೆ: ಹನಾನ್ ಅಶ್ರಾವಿ ಮತ್ತು ರಾಜ್ಯವಿಲ್ಲದ ಸರಕಾರ

1998ರ ಆಗಸ್ಟ್ ತಿಂಗಳ ಮೊದಲ ವಾರ. ಪ್ಯಾಲೆಸ್ತೀನ್ ಪ್ರಾಧಿಕಾರದ ಅಧ್ಯಕ್ಷ ಯಾಸೆರ್ ಅರಾಫತ್ ತಮ್ಮ ಮಂತ್ರಿಮಂಡಲವನ್ನು ಪುನರ್ರಚಿಸಿದರು. ಇದಕ್ಕಾಗಿ ಅಲ್ಲಿನ ಜನ ಒಂದು ವರ್ಷದಿಂದ ಕಾದಿದ್ದರು. ಹಿಂದಿನ ವರ್ಷ ಪ್ರಾಧಿಕಾರದ್ದೇ ಲೆಕ್ಕಪರಿಶೋಧಕರು ಸಲ್ಲಿಸಿದ್ದ ವರದಿಯಲ್ಲಿ 32 ಕೋಟಿ 60 ಲಕ್ಷ ಡಾಲರ್ ಹಣ ದುಂದುವೆಚ್ಚ, ದುರಾಡಳಿತಗಳಲ್ಲಿ ಕರಗಿಹೋಗಿದೆ ಎಂದಿತ್ತು. ಶಾಸನ ಸಭೆ ಸಚಿವರ ಮೇಲೆ ಕ್ರಮ ಕೈಗೊಳ್ಳುವಂತೆ ಒತ್ತಾಯಿಸಿತ್ತು. ಕೊನೆಗೂ ಪಟ್ಟಿ ಹೊರಬಿದ್ದಾಗ ನೋಡಿದರೆ ಆರೋಪ ಹೊತ್ತವರು ಯಾರೂ ಹೊರಗೆ ಹೋಗಿರಲಿಲ್ಲ. ಬದಲಿಗೆ ಹೊಸದಾಗಿ ಸುಮಾರು ಹತ್ತು ಮಂದಿ ಒಳಗೆ ಬಂದಿದ್ದರು. ಉನ್ನತ ಶಿಕ್ಷಣ ಸಚಿವೆಯಾಗಿದ್ದ ಹನಾನ್ ಅಶ್ರಾವಿಯವರಿಗೆ ಪ್ರವಾಸೋದ್ಯಮ ಖಾತೆ ಕೊಡಲಾಗಿತ್ತು.

ಆಕೆ ಅದನ್ನು ಸ್ವೀಕರಿಸಲಿಲ್ಲ, ರಾಜೀನಾಮೆ ಕೊಟ್ಟು ಹೊರಬಂದರು. ಕೃಷಿ ಖಾತೆ ನೋಡಿಕೊಳ್ಳುತ್ತಿದ್ದ ಅಬ್ದುಲ್ ಜವಾದ್ ಸಾಲೆ ಕೂಡ ಹೊರಬಂದರು. ಉಳಿದವರು ಪ್ರಮಾಣವಚನ ಸ್ವೀಕರಿಸಿದರು.

ಇಷ್ಟು ಹಳೆಯ ಸಂಗತಿಯನ್ನು ಈಗ ಏಕೆ ಕೆದಕುತ್ತಿದ್ದೀರಿ ಎಂದು ವಾಚಕರು ಕೇಳಬಹುದು. ಕಾರಣವಿದೆ. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಪೋರ್ಚುಗಲ್, ಫ್ರಾನ್ಸ್ ಮುಂತಾದ ರಾಷ್ಟ್ರಗಳು ಪ್ಯಾಲೆಸ್ತೀನ್ ದೇಶಕ್ಕೆ ಮಾನ್ಯತೆ ನೀಡಿದವು. ನಮ್ಮ ದೇಶ ಇದನ್ನು 1988ರಲ್ಲೇ ಮಾಡಿತ್ತು. ವ್ಯಾಟಿಕನ್ 2015ರಲ್ಲಿ ಪ್ಯಾಲೆಸ್ತೀನ್ ರಾಜ್ಯದ ಹೆಸರಿನಲ್ಲೇ ಒಪ್ಪಂದಕ್ಕೆ ಸಹಿ ಹಾಕಿತ್ತು. ಈ ಬಾರಿ ಮಾನ್ಯತೆಯ ಜತೆಗೆ ಒಂದು ಷರತ್ತೂ ಬಂತು: ಪ್ರಾಧಿಕಾರ ತನ್ನನ್ನು ತಿದ್ದಿಕೊಳ್ಳಬೇಕು, ಭ್ರಷ್ಟಾಚಾರ ನಿಲ್ಲಿಸಬೇಕು, ಚುನಾವಣೆ ನಡೆಸಬೇಕು. ಹೊರಗಿನವರು ಈಗ ಹೇಳುತ್ತಿರುವ ಈ ಮಾತನ್ನು ಒಳಗಿನ ಅಧ್ಯಾಪಕಿಯೊಬ್ಬರು 27 ವರ್ಷ ಹಿಂದೆಯೇ ಹೇಳಿ, ಅದಕ್ಕಾಗಿ ಕುರ್ಚಿಯನ್ನೂ ಬಿಟ್ಟಿದ್ದರು. ಆಕೆ ಎಂತಹ ಶಾಲೆಯಲ್ಲಿ ಪಳಗಿ ಬಂದವರು ಎಂದು ತಿಳಿದರೆ ಆ ರಾಜೀನಾಮೆಯ ಅರ್ಥ ತಿಳಿಯುತ್ತದೆ.

ಹನಾನ್ ಮಿಖಾಯಿಲ್ ಹುಟ್ಟಿದ್ದು 1946ರ ಅಕ್ಟೋಬರ್ 8ರಂದು, ನಾಬ್ಲುಸ್ ನಗರದಲ್ಲಿ. ತಂದೆ ದಾವೂದ್ ಮಿಖಾಯಿಲ್ ವೈದ್ಯರು, ಕ್ರೈಸ್ತರು. ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯನ್ನು ಕಟ್ಟಿದ ತಲೆಮಾರಿಗೆ ಸೇರಿದವರು. ಮನೆ ಇದ್ದದ್ದು ಗಲಿಲೇಯ ಸರೋವರದ ದಡದ ತಿಬೇರಿಯದಲ್ಲಿ. ಸುವಾರ್ತೆ ಓದುವ ನಮಗೆ ಪರಿಚಿತವಾದ ಊರು. 1948ರ ಯುದ್ಧದಲ್ಲಿ ಆ ಮನೆ ಹೋಯಿತು. ಕುಟುಂಬ ಅಮ್ಮಾನ್‌ಗೆ ಹೋಗಿ, ಅಲ್ಲಿಂದ 1950ರ ಸುಮಾರಿಗೆ ರಾಮಲ್ಲಾಕ್ಕೆ ಬಂದು ನೆಲೆಸಿತು. ಮಗಳು ಓದಿದ್ದು ಕ್ವೇಕರ್ ಮಿಶನರಿಗಳು 1869ರಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆಯಲ್ಲಿ. ಬಳಿಕ ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ.

1967ರ ಜೂನ್ ಯುದ್ಧ ನಡೆದಾಗ ಆಕೆ ಬೈರೂತ್‌ನಲ್ಲಿದ್ದರು. ಯುದ್ಧ ಮುಗಿದಾಗ ರಾಮಲ್ಲಾ ಇಸ್ರೇಲ್ ಸೇನೆಯ ಕೈಯಲ್ಲಿತ್ತು. ಆ ದಿನ ಊರಲ್ಲಿ ಇಲ್ಲದವರನ್ನು ಗೈರುಹಾಜರಿ ಎಂದು ಬರೆದುಕೊಂಡ ಆಡಳಿತ, ಮರಳಿ ಬರಲು ಅವಕಾಶ ಕೊಡಲಿಲ್ಲ. ಓದಲು ಹೋದ ಹುಡುಗಿ ತನ್ನ ಮನೆಗೇ ಪರಕೀಯಳಾದಳು. ಆರು ವರ್ಷ ಹೊರಗೆ ಕಳೆದರು. ಆ ಅವಧಿಯಲ್ಲಿ ಅಮೆರಿಕದ ವರ್ಜೀನಿಯ ವಿಶ್ವವಿದ್ಯಾಲಯದಲ್ಲಿ ಮಧ್ಯಯುಗದ ಹಾಗೂ ತೌಲನಿಕ ಸಾಹಿತ್ಯದಲ್ಲಿ ಡಾಕ್ಟರೇಟ್ ಅಧ್ಯಯನ ನಡೆಸಿದರು. 1973ರಲ್ಲಿ ಕುಟುಂಬ ಪುನರ್ಮಿಲನದ ಹೆಸರಿನಲ್ಲಿ ಊರಿಗೆ ಬರುವ ಪರವಾನಗಿ ಸಿಕ್ಕಿತು. ಬಂದವರು ನೇರವಾಗಿ ಹೋದದ್ದು ರಾಮಲ್ಲಾದ ಉತ್ತರಕ್ಕಿರುವ ಬಿರ್ಝೈತ್ ಎಂಬ ಊರಿಗೆ, ಅಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ವಿಭಾಗ ಕಟ್ಟಲು.

ಬಿರ್ಝೈತ್‌ನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1924ರಲ್ಲಿ ನಬೀಹಾ ನಾಸಿರ್ ಎಂಬ ಮಹಿಳೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳಿಗಾಗಿ ಅಲ್ಲಿ ಒಂದು ಪ್ರಾಥಮಿಕ ಶಾಲೆ ತೆರೆದರು. ಅದು ಪ್ರೌಢಶಾಲೆಯಾಯಿತು, 1942ರಲ್ಲಿ ಕಾಲೇಜೆಂದು ಹೆಸರು ಪಡೆಯಿತು, 1975ರಲ್ಲಿ ವಿಶ್ವವಿದ್ಯಾಲಯವಾಯಿತು. 1967ಕ್ಕೆ ಮುಂಚೆ ಪಶ್ಚಿಮ ದಂಡೆಯಲ್ಲಾಗಲಿ ಗಾಜಾದಲ್ಲಾಗಲಿ ಒಂದೂ ವಿಶ್ವವಿದ್ಯಾಲಯ ಇರಲಿಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳೆಲ್ಲ ಹುಟ್ಟಿದ್ದು ಸೇನೆಯ ಆಳ್ವಿಕೆಯಡಿಯಲ್ಲೇ, ಸರಕಾರವೆಂಬುದೊಂದು ಇಲ್ಲದ ಕಾಲದಲ್ಲಿ, ಊರವರ ಮತ್ತು ದಾನಿಗಳ ಹಣದಿಂದ.

ಅವುಗಳಲ್ಲೊಂದು ನಮ್ಮ ಧರ್ಮಸಭೆಯದ್ದೇ. 1964ರ ಜನವರಿಯಲ್ಲಿ ಆರನೇ ಪೌಲ್ ಜಗದ್ಗುರುಗಳು ಪವಿತ್ರ ನಾಡಿಗೆ ಭೇಟಿಕೊಟ್ಟ ಫಲವಾಗಿ, 1973ರ ಅಕ್ಟೋಬರ್‌ನಲ್ಲಿ ಬೆತ್ಲೆಹೇಮ್ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ದೆ ಲಾ ಸಾಲ್ ಸಹೋದರರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮುಸ್ಲಿಮರು, ಅವರಲ್ಲೂ ಹೆಣ್ಣುಮಕ್ಕಳೇ ಹೆಚ್ಚು. ನಮ್ಮ ಕರಾವಳಿಯ ಕಥೋಲಿಕ ಕಾಲೇಜುಗಳನ್ನು ಕಂಡವರಿಗೆ ಇದರಲ್ಲಿ ಅಚ್ಚರಿ ಪಡುವಂತಹದ್ದೇನಿಲ್ಲ.

ಸೇನೆಗೆ ಈ ವಿಶ್ವವಿದ್ಯಾಲಯಗಳು ಕಣ್ಣಿಗೆ ಬಿದ್ದ ಕಸ. 1974ರ ನವೆಂಬರ್‌ನಲ್ಲಿ ಬಿರ್ಝೈತ್‌ನ ಅಧ್ಯಕ್ಷ ಹನ್ನಾ ನಾಸಿರ್ ಅವರನ್ನು ಹಿಡಿದು ಲೆಬನಾನ್ ಗಡಿಯಾಚೆ ಬಿಟ್ಟುಬಂದರು. ಅವರು ಮರಳಿ ಊರಿಗೆ ಕಾಲಿಟ್ಟದ್ದು 1993ರಲ್ಲಿ. ಆ ಹತ್ತೊಂಬತ್ತು ವರ್ಷಗಳ ಕಾಲ ಗಾಬಿ ಬರಾಮ್ಕಿಯವರು ಸಂಸ್ಥೆಯನ್ನು ನಡೆಸಿದರು, ಅಧ್ಯಕ್ಷರೆಂದಲ್ಲ, ಹಂಗಾಮಿ ಎಂದೇ. 1980ರಲ್ಲಿ 854 ಸಂಖ್ಯೆಯ ಸೇನಾ ಆಜ್ಞೆ ಹೊರಟಿತು. ಅದರ ಪ್ರಕಾರ ವಿಶ್ವವಿದ್ಯಾಲಯ ನಡೆಸಲು ಸೇನೆಯ ಲೈಸೆನ್ಸ್ ಬೇಕು. ಪಾಠ ಮಾಡುವವರಿಗೂ, ಕಲಿಯುವವರಿಗೂ ಸೇನೆಯ ಒಪ್ಪಿಗೆ ಬೇಕು. 1982ರಲ್ಲಿ ಹೊರದೇಶದ ಪಾಸ್‌ಪೋರ್ಟ್ ಹೊಂದಿದ ಅಧ್ಯಾಪಕರು ವಿಮೋಚನಾ ಸಂಘಟನೆಗೆ ಬೆಂಬಲ ಕೊಡುವುದಿಲ್ಲವೆಂದು ಬರೆದುಕೊಡಬೇಕೆಂಬ ನಿಯಮ ಬಂತು. ಬರೆದುಕೊಡದವರನ್ನು ಗಡೀಪಾರು ಮಾಡಿದರು. ನಾಬ್ಲುಸ್‌ನ ಅನ್-ನಜಾ ವಿಶ್ವವಿದ್ಯಾಲಯದ ಅಧ್ಯಕ್ಷ ಮುಂಧೀರ್ ಸಲಾ ಅವರೂ ಹಾಗೆಯೇ ಹೊರದಬ್ಬಿಸಿಕೊಂಡವರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರಲಿದೆ.

1987ರ ಡಿಸೆಂಬರ್‌ನಲ್ಲಿ ಇಂತಿಫಾದಾ ದಂಗೆ ಎದ್ದಾಗ ಬೀಗಗಳು ಬಿದ್ದವು. ಬಿರ್ಝೈತ್ 1988ರ ಜನವರಿಯಲ್ಲಿ ಮುಚ್ಚಿದ್ದು 1992ರ ಏಪ್ರಿಲ್‌ವರೆಗೆ ತೆರೆಯಲಿಲ್ಲ. ಬೆತ್ಲೆಹೇಮ್ ವಿಶ್ವವಿದ್ಯಾಲಯಕ್ಕೆ ದಂಗೆಗೂ ಮುಂಚೆ, 1987ರ ಅಕ್ಟೋಬರ್‌ನಲ್ಲೇ ಬೀಗ ಬಿದ್ದು ಮೂರು ವರ್ಷ ಹಾಗೆಯೇ ಉಳಿಯಿತು. ವಿಶ್ವವಿದ್ಯಾಲಯ ಬಿಡಿ, 1988ರಲ್ಲಿ ಪಶ್ಚಿಮ ದಂಡೆಯ ಶಾಲೆಗಳನ್ನೂ ತಿಂಗಳುಗಟ್ಟಲೆ ಮುಚ್ಚಿಸಿದರು, ಶಿಶುವಿಹಾರಗಳನ್ನು ಕೂಡ.

ಆಗ ಪಾಠ ಮನೆಗಳಿಗೆ ಬಂತು. ಅಧ್ಯಾಪಕರು ತಮ್ಮ ಚಾವಡಿಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ, ಕಚೇರಿಗಳಲ್ಲಿ ಏಳೆಂಟು ಮಂದಿಯನ್ನು ಕೂರಿಸಿಕೊಂಡು ತರಗತಿ ನಡೆಸಿದರು. ನಾಲ್ಕು ವರ್ಷದ ಪದವಿ ಏಳೆಂಟು ವರ್ಷಕ್ಕೆ ಮುಗಿದದ್ದುಂಟು. ಪುಸ್ತಕ ಕೈಯಲ್ಲಿ ಹಿಡಿದು ಗುಂಪಾಗಿ ಹೋದರೆ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುವ ಭಯ. ಈ ತರಗತಿಗಳನ್ನು ನಡೆಸುತ್ತಿದ್ದ ಬೀದಿ ಸಮಿತಿಗಳನ್ನೇ 1988ರ ಆಗಸ್ಟ್‌ನಲ್ಲಿ ಕಾನೂನುಬಾಹಿರ ಎಂದು ಘೋಷಿಸಲಾಯಿತು. ಮನೆಯೇ ಮೊದಲ ಪಾಠಶಾಲೆ ಎಂದು ನಾವು ಪ್ರಬಂಧಗಳಲ್ಲಿ ಬರೆಯುತ್ತೇವೆ; ಅಲ್ಲಿ ಮನೆಯೊಳಗಿನ ಪಾಠಕ್ಕೂ ಬಂಧನದ ಭೀತಿ ಇತ್ತು. 1986ರಿಂದ 1990ರವರೆಗೆ ಬಿರ್ಝೈತ್‌ನ ಕಲಾ ನಿಕಾಯದ ಡೀನ್ ಆಗಿದ್ದವರು ಹನಾನ್ ಅಶ್ರಾವಿ. ಅಂದರೆ ಆ ಹುದ್ದೆಯ ಅರ್ಧಕ್ಕಿಂತ ಹೆಚ್ಚಿನ ಕಾಲ ಆಕೆ ಕಟ್ಟಡವಿಲ್ಲದ ನಿಕಾಯದ ಮುಖ್ಯಸ್ಥೆ. ಅದಕ್ಕೂ ಮುಂಚೆಯೇ, ಬಂಧಿತ ವಿದ್ಯಾರ್ಥಿಗಳಿಗೆ ವಕೀಲರನ್ನು ಒದಗಿಸಲು ಕಾನೂನು ನೆರವು ಸಮಿತಿಯೊಂದನ್ನು ಕ್ಯಾಂಪಸ್ಸಿನಲ್ಲಿ ಆರಂಭಿಸಿದ್ದರು.

ಅಲ್ಲಿಂದ ಜಗತ್ತಿನ ಮುಂದೆ ಬಂದದ್ದು ಟಿವಿಯಿಂದ. 1988ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಜೆರುಸಲೇಮಿನಲ್ಲಿ ಇಸ್ರೇಲಿಗಳನ್ನೂ ಪ್ಯಾಲೆಸ್ತೀನಿಯರನ್ನೂ ಒಂದೇ ವೇದಿಕೆಗೆ ತಂದು ಚರ್ಚೆ ನಡೆಸಿತು. ಬಂದೂಕು ಹಿಡಿದ, ಮುಖ ಮುಚ್ಚಿದ ಪ್ಯಾಲೆಸ್ತೀನಿಯರನ್ನಷ್ಟೇ ನೋಡಿದ್ದ ವೀಕ್ಷಕರಿಗೆ ಸ್ಪಷ್ಟ ಇಂಗ್ಲಿಷ್‌ನಲ್ಲಿ, ಸಿಟ್ಟನ್ನು ಹತೋಟಿಯಲ್ಲಿಟ್ಟು ವಾದ ಮಂಡಿಸುವ ಪ್ರೊಫೆಸರ್ ಹೊಸಬರಾಗಿ ಕಂಡರು. 1991ರ ಅಕ್ಟೋಬರ್ ಕೊನೆಗೆ ಮ್ಯಾಡ್ರಿಡ್ ಶಾಂತಿ ಸಮ್ಮೇಳನ ಸೇರಿದಾಗ ಪ್ಯಾಲೆಸ್ತೀನ್ ನಿಯೋಗದ ವಕ್ತಾರೆ ಆಕೆಯೇ. ಗಾಜಾದ ಹಿರಿಯ ವೈದ್ಯ ಹೈದರ್ ಅಬ್ದುಲ್ ಶಾಫಿ ನಿಯೋಗದ ಮುಖ್ಯಸ್ಥರು. ಜೆರುಸಲೇಮಿನವರು ಮಾತುಕತೆಯ ಮೇಜಿಗೆ ಬರಬಾರದೆಂದು ಇಸ್ರೇಲ್ ಪಟ್ಟು ಹಿಡಿದದ್ದರಿಂದ ಫೈಸಲ್ ಹುಸೇನಿ ಮತ್ತು ಅಶ್ರಾವಿ ಮೇಜಿನಿಂದ ಹೊರಗೆ ಸಲಹಾ ಸಮಿತಿಯಲ್ಲಿ ಉಳಿದರು. ವಿಚಿತ್ರವೆಂದರೆ, ಒಳಗೆ ಕೂತವರಿಗಿಂತ ಹೊರಗೆ ನಿಂತು ಪತ್ರಕರ್ತರೊಂದಿಗೆ ಮಾತಾಡಿದ ಆಕೆಯನ್ನೇ ಜನ ನೆನಪಿಟ್ಟುಕೊಂಡರು.

ಆದರೆ ಈ ನಿಯೋಗಕ್ಕೆ ಗೊತ್ತಿಲ್ಲದಂತೆ ನಾರ್ವೆಯಲ್ಲಿ ಬೇರೆಯೇ ಮಾತುಕತೆ ನಡೆದು 1993ರ ಸೆಪ್ಟೆಂಬರ್‌ನಲ್ಲಿ ಓಸ್ಲೋ ಒಪ್ಪಂದವಾಯಿತು. ಅರಾಫತ್ ಗಾಜಾಕ್ಕೆ ಬಂದರು, ಪ್ರಾಧಿಕಾರ ಹುಟ್ಟಿತು. ಆಗ ಅಶ್ರಾವಿ ಅಧಿಕಾರದ ಹುದ್ದೆಗೆ ಹೋಗಲಿಲ್ಲ. ತಮ್ಮದೇ ಸರಕಾರ ನಾಳೆ ತಮ್ಮ ಜನರನ್ನೇ ಪೀಡಿಸಬಹುದು ಎಂಬ ಎಚ್ಚರದಿಂದ ನಾಗರಿಕ ಹಕ್ಕುಗಳ ಸ್ವತಂತ್ರ ಆಯೋಗವೊಂದನ್ನು ಕಟ್ಟಿ 1995ರವರೆಗೆ ಮುನ್ನಡೆಸಿದರು. ಮದುವೆ ಚಪ್ಪರ ಹಾಕುವಾಗಲೇ ಬೆಂಕಿ ಆರಿಸುವ ನೀರು ತುಂಬಿಡುವವರು ಯಾರಿಗೂ ಇಷ್ಟವಾಗುವುದಿಲ್ಲ. ಆಕೆಯ ಬಳಿಕ ಆಯೋಗದ ಹೊಣೆ ಹೊತ್ತ ಗಾಜಾದ ಮನೋವೈದ್ಯ ಇಯಾದ್ ಸರ್ರಾಜ್ ಅವರನ್ನು 1996ರ ಮೇ ತಿಂಗಳಲ್ಲಿ, ಪ್ರಾಧಿಕಾರವನ್ನು ಟೀಕಿಸಿ ಪತ್ರಿಕೆಗೆ ಮಾತಾಡಿದ್ದಕ್ಕೆ, ಪ್ರಾಧಿಕಾರದ ಪೊಲೀಸರೇ ಬಂಧಿಸಿದರು.

ಅದೇ ಹೊತ್ತಿಗೆ ಅಶ್ರಾವಿ ಮಂತ್ರಿಯಾದರು! 1996ರ ಜನವರಿಯಲ್ಲಿ ಮೊದಲ ಚುನಾವಣೆ ನಡೆದು, ಆಕೆ ಜೆರುಸಲೇಮ್ ಕ್ಷೇತ್ರದಿಂದ 88 ಸದಸ್ಯರ ಶಾಸನ ಸಭೆಗೆ ಆರಿಸಿ ಬಂದಿದ್ದರು. ಜೆರುಸಲೇಮ್ ನಗರದೊಳಗೆ ಮಾಮೂಲಿ ಮತಗಟ್ಟೆಗಳಿರಲಿಲ್ಲ; ಜನ ಅಂಚೆ ಕಚೇರಿಗಳಿಗೆ ಹೋಗಿ ಓಟು ಹಾಕಬೇಕಿತ್ತು, ಏಕೆಂದರೆ ಜೆರುಸಲೇಮಿನಲ್ಲಿ ಚುನಾವಣೆ ನಡೆಯುತ್ತಿದೆ ಎಂದು ಒಪ್ಪಿಕೊಳ್ಳಲು ಇಸ್ರೇಲ್ ತಯಾರಿರಲಿಲ್ಲ. ನಿನ್ನೆಯವರೆಗೆ ಕಾವಲು ಕಾಯುತ್ತಿದ್ದವರು ಇಂದು ಒಳಗೆ ಹೋದದ್ದು ಸರಿಯೇ ಎಂದು ಆಗಲೇ ಕೆಲವರು ಕೇಳಿದರು. ನಮಗೂ ಆ ಪ್ರಶ್ನೆ ಸುಲಭದ್ದಾಗಿ ಕಾಣುವುದಿಲ್ಲ. ಹೊರಗೆ ನಿಂತು ದೂರುವುದಕ್ಕಿಂತ ಒಳಗಿದ್ದು ತಿದ್ದುವುದು ಲೇಸೆಂದು ನಂಬಿ ಹೋಗುವವರು ನಮ್ಮ ಆಡಳಿತ ಮಂಡಳಿಗಳಲ್ಲೂ ಇರುತ್ತಾರೆ. ಎಷ್ಟು ದಿನ ಇರಬಹುದು ಎಂಬುದನ್ನು ಮಾತ್ರ ಒಳಹೋಗುವ ಮುಂಚೆಯೇ ನಿರ್ಧರಿಸಿಕೊಂಡಿರಬೇಕು.

ಸಚಿವೆಯ ಕೈಗೆ ಸಿಕ್ಕಿದ್ದಾದರೂ ಏನು? ಶಾಲೆಗಳಲ್ಲ. ಶಾಲೆಗಳು ಶಿಕ್ಷಣ ಸಚಿವ ಯಾಸೆರ್ ಅಮ್ರ್ ಅವರ ಖಾತೆಯಲ್ಲಿ ಉಳಿದವು. 1996ರಲ್ಲಿ ಆ ಖಾತೆಯಿಂದ ಬೇರ್ಪಡಿಸಿ ಉನ್ನತ ಶಿಕ್ಷಣ ಮತ್ತು ಸಂಶೋಧನೆ ಎಂಬ ಹೊಸ ಸಚಿವಾಲಯ ಮಾಡಲಾಗಿತ್ತು. (2002ರಲ್ಲಿ ಎರಡನ್ನೂ ಮತ್ತೆ ಒಂದು ಮಾಡಿದರು.) ಶಾಲೆಗಳ ಕಡೆಯ ಸಮಸ್ಯೆಯಾದರೂ ಕಣ್ಣಿಗೆ ಕಾಣುವಂತಿತ್ತು. ಪಶ್ಚಿಮ ದಂಡೆಯ ಮಕ್ಕಳು ಜೋರ್ಡಾನಿನ ಪಠ್ಯಪುಸ್ತಕ ಓದುತ್ತಿದ್ದರು, ಗಾಜಾದ ಮಕ್ಕಳು ಈಜಿಪ್ಟಿನದ್ದು, ಎರಡಕ್ಕೂ ಇಸ್ರೇಲಿ ಆಡಳಿತದ ಕತ್ತರಿ ಬೀಳುತ್ತಿತ್ತು. ಯಾಫಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಪ್ರೊಫೆಸರಾಗಿದ್ದು, ಬಿರ್ಝೈತ್‌ಗೆ ಮರಳಿದ ಇಬ್ರಾಹಿಂ ಅಬು-ಲುಘೋದ್ ಅವರ ನೇತೃತ್ವದಲ್ಲಿ ಹೊಸ ಪಠ್ಯಕ್ರಮದ ಕೆಲಸ ಶುರುವಾಗಿ, ಪ್ಯಾಲೆಸ್ತೀನಿಯರದ್ದೇ ಆದ ಮೊದಲ ಪುಸ್ತಕಗಳು 2000ದಲ್ಲಿ ಒಂದನೇ ಮತ್ತು ಆರನೇ ತರಗತಿಗೆ ಬಂದವು. ಆ ಪುಸ್ತಕಗಳಲ್ಲಿ ಇಸ್ರೇಲ್ ಬಗ್ಗೆ ಏನಿದೆ, ಏನಿಲ್ಲ ಎಂಬ ಜಗಳ ಇಂದಿಗೂ ಮುಗಿದಿಲ್ಲ, ಯುರೋಪಿನ ಅನುದಾನ ಅದರ ಮೇಲೆ ತೂಗುತ್ತಿರುತ್ತದೆ.

ಅಶ್ರಾವಿಯವರ ಖಾತೆಯ ಸಮಸ್ಯೆ ಬೇರೆ ತರಹದ್ದು. ವಿಶ್ವವಿದ್ಯಾಲಯಗಳು ಸರಕಾರಕ್ಕಿಂತ ಹಿರಿಯವು. ಒಂದೊಂದಕ್ಕೂ ತನ್ನದೇ ವಿಶ್ವಸ್ತ ಮಂಡಳಿ, ತನ್ನದೇ ಅಭಿಮಾನ. ಸೇನೆಗೆ ತಲೆಬಾಗದವರು ಸಚಿವಾಲಯದ ಸುತ್ತೋಲೆಗೆ ಬಾಗುವರೇ? ಸ್ವತಃ ಅಲ್ಲಿಂದಲೇ ಬಂದ ಆಕೆಗೆ ಅವುಗಳ ಸ್ವಾತಂತ್ರ್ಯ ಮುರಿಯುವ ಮನಸ್ಸೂ ಇರಲಿಲ್ಲ. ಆದರೆ ಹಣ ಇರಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಅರಾಫತ್ ಸದ್ದಾಂ ಕಡೆ ವಾಲಿದ್ದರಿಂದ ಕೊಲ್ಲಿ ರಾಷ್ಟ್ರಗಳಿಂದ ಬರುತ್ತಿದ್ದ ನೆರವು ಬತ್ತಿಹೋಗಿತ್ತು. ಶುಲ್ಕ ಏರಿಸಿದರೆ ಬಡವರ ಮಕ್ಕಳು ಹೊರಗುಳಿಯುತ್ತಾರೆ, ಏರಿಸದಿದ್ದರೆ ಅಧ್ಯಾಪಕರಿಗೆ ಸಂಬಳವಿಲ್ಲ. ಈ ಇಕ್ಕಟ್ಟು ಶಾಲಾ ಸಂಚಾಲಕರಾಗಿ ಒಂದು ವರ್ಷವಾದರೂ ದುಡಿದ ನಮ್ಮ ಯಾವ ಗುರುಗಳಿಗೂ ವಿವರಿಸಿ ಹೇಳಬೇಕಾಗಿಲ್ಲ.

ಸರಕಾರದ ಬೊಕ್ಕಸದ ಕೀಲಿಕೈಯಾದರೂ ಸರಕಾರದ ಬಳಿ ಇತ್ತೇ ಎಂದರೆ ಅದೂ ಇಲ್ಲ. 1994ರ ಪ್ಯಾರಿಸ್ ಒಪ್ಪಂದದಂತೆ ಪ್ಯಾಲೆಸ್ತೀನಿಯರ ಸುಂಕವನ್ನು ಇಸ್ರೇಲ್ ಸಂಗ್ರಹಿಸಿ ತಿಂಗಳು ತಿಂಗಳು ಹಸ್ತಾಂತರಿಸಬೇಕು. 1997ರ ಜುಲೈ ಕೊನೆಗೆ ಜೆರುಸಲೇಮಿನ ಮಾರುಕಟ್ಟೆಯಲ್ಲಿ ಆತ್ಮಾಹುತಿ ಬಾಂಬ್ ಸಿಡಿದು ಅಮಾಯಕರು ಸತ್ತಾಗ ಇಸ್ರೇಲ್ ಆ ಹಣವನ್ನು ತಡೆಹಿಡಿಯಿತು. ಬಾಂಬ್ ಇಟ್ಟವರು ಹಮಾಸಿನವರು. ಸಂಬಳಕ್ಕೆ ಕಾದು ಕೂತವರು ಶಿಕ್ಷಕರು.

ಇನ್ನು ವಿದ್ಯಾರ್ಥಿಗಳ ಓಡಾಟ. 1996ರ ಆರಂಭದ ಬಾಂಬ್ ಸ್ಫೋಟಗಳ ಬಳಿಕ ಗಾಜಾದ ವಿದ್ಯಾರ್ಥಿಗಳು ಪಶ್ಚಿಮ ದಂಡೆಗೆ ಹೋಗುವುದನ್ನು ಇಸ್ರೇಲ್ ನಿಷೇಧಿಸಿತು. ಬಿರ್ಝೈತ್, ಬೆತ್ಲೆಹೇಮ್‌ಗಳಲ್ಲಿ ಓದುತ್ತಿದ್ದ ನೂರಾರು ಮಂದಿಯ ಓದು ಅರ್ಧಕ್ಕೆ ನಿಂತಿತು. ಗಾಜಾ ನಗರದಿಂದ ರಾಮಲ್ಲಾಕ್ಕೆ ಹೆಚ್ಚುಕಮ್ಮಿ ಮಂಗಳೂರಿನಿಂದ ಕುಂದಾಪುರಕ್ಕೆ ಹೋದಷ್ಟು ದಾರಿ. ಅದೇ ಮಾರ್ಚ್ ತಿಂಗಳಲ್ಲಿ ಇಸ್ರೇಲ್ ಸೈನಿಕರು ಬಿರ್ಝೈತ್‌ನಲ್ಲಿ ವಿದ್ಯಾರ್ಥಿಗಳನ್ನು ಸಾಮೂಹಿಕವಾಗಿ ಬಂಧಿಸಿದರೆ, ಅನ್-ನಜಾ ವಿಶ್ವವಿದ್ಯಾಲಯದೊಳಗೆ ಅಶ್ರುವಾಯು ಸಿಡಿಸಿ ನುಗ್ಗಿದವರು ಪ್ಯಾಲೆಸ್ತೀನ್ ಪ್ರಾಧಿಕಾರದ ಪೊಲೀಸರು. ಅಂದರೆ ಸಚಿವೆಯ ಕಾಲೇಜುಗಳಿಗೆ ಈಗ ಇಬ್ಬರು ದಾಳಿಕೋರರು.

ಆಕೆಯ ಎರಡು ವರ್ಷಗಳಲ್ಲಿ ದೊಡ್ಡ ಸಾಧನೆ ಎಂದು ಬೆಟ್ಟುಮಾಡಿ ತೋರಿಸುವಂತಹದ್ದು ನಮಗೆ ಕಾಣುವುದಿಲ್ಲ. ಆಕೆಯ ಅಭಿಮಾನಿಗಳು ಇದನ್ನು ಮರೆಮಾಚುತ್ತಾರೆ, ಮಾಚಬೇಕಾಗಿಲ್ಲ. ವಿಶ್ವವಿದ್ಯಾಲಯಗಳ ಸ್ವಾಯತ್ತತೆಯನ್ನು ಒಪ್ಪುವ ಉನ್ನತ ಶಿಕ್ಷಣ ಕಾನೂನು ಹೊರಬಂದದ್ದು 1998ರ ಕೊನೆಗೆ, ಆಕೆ ಹೋದ ಮೇಲೆ. ಆ ಕುರ್ಚಿಯಲ್ಲಿ ಆಗ ಕೂತಿದ್ದವರು ಮುಂಧೀರ್ ಸಲಾ, 1982ರಲ್ಲಿ ಸೇನೆಯಿಂದ ಗಡೀಪಾರಾದ ಅದೇ ಅಧ್ಯಕ್ಷರು. ಖಾತೆ ಅನ್ಯರ ಪಾಲಾಗಲಿಲ್ಲ, ಇನ್ನೊಬ್ಬ ಅಧ್ಯಾಪಕರ ಕೈಗೇ ಹೋಯಿತು ಎಂಬುದು ಸಮಾಧಾನದ ಸಂಗತಿ.

ಹಾಗಾದರೆ ರಾಜೀನಾಮೆ ಕೊಟ್ಟದ್ದು ಸರಿಯೇ? ಖಾತೆ ಬದಲಾದ ಅಸಮಾಧಾನಕ್ಕೆ ತತ್ವದ ಬಣ್ಣ ಬಳಿದರು ಎಂದು ಅಂದು ಟೀಕೆ ಬಂದಿತ್ತು. ಪ್ರವಾಸೋದ್ಯಮವೇನೂ ಕೀಳು ಖಾತೆಯಲ್ಲ, ಅದರಲ್ಲೂ ಎರಡು ಸಾವಿರದ ಇಸವಿಯ ಜುಬಿಲಿಗಾಗಿ ಬೆತ್ಲೆಹೇಮ್ ಸಜ್ಜಾಗುತ್ತಿದ್ದ ಆ ದಿನಗಳಲ್ಲಿ. ಆದರೆ ನಮ್ಮ ಅಭಿಪ್ರಾಯದಲ್ಲಿ ಆಕೆ ಮಾಡಿದ್ದು ಸರಿ. ಸುಧಾರಣೆಯ ಹೆಸರಿನಲ್ಲಿ ಕರೆದ ಸಭೆಯಲ್ಲಿ ಆರೋಪಿಗಳು ಕೂತಲ್ಲೇ ಕೂತು, ಸುಧಾರಣೆ ಕೇಳಿದವರು ಮಾತ್ರ ಜಾಗ ಬದಲಿಸಬೇಕೆಂದರೆ, ಅಲ್ಲಿ ಉಳಿಯುವುದೆಂದರೆ ಆ ನಾಟಕಕ್ಕೆ ಸಹಿ ಹಾಕಿದಂತೆ. ಮೇಲಾಗಿ ಮರಳಿ ಹೋಗಲು ಆಕೆಗೊಂದು ವೃತ್ತಿ ಇತ್ತು, ಹೆಸರಿತ್ತು. ಕುರ್ಚಿಯನ್ನೇ ಜೀವನೋಪಾಯ ಮಾಡಿಕೊಂಡವರಿಗೆ ಇಂತಹ ಸಂದರ್ಭದಲ್ಲಿ ಎದ್ದು ಹೋಗಲು ಕಾಲು ಬರುವುದಿಲ್ಲ. ಹಾಗೆಂದು ಎದ್ದುಹೋದದ್ದರಿಂದ ಏನಾದರೂ ಬದಲಾಯಿತೇ ಎಂದರೆ, ಇಲ್ಲ. ಶಾಸನ ಸಭೆ ಹೊಸ ಮಂತ್ರಿಮಂಡಲಕ್ಕೆ ಬಹುಮತದ ಒಪ್ಪಿಗೆ ಕೊಟ್ಟಿತು. ಜನರ ಹಣ ಸೋರುವುದನ್ನು ಕಂಡು ಬೇಸತ್ತವರ ಒಂದು ಪಾಲು ಹಮಾಸ್ ಕಡೆಗೆ ವಾಲುತ್ತಾ ಹೋಯಿತು. 2006ರ ಚುನಾವಣೆಯಲ್ಲಿ ಅದರ ಫಲಿತಾಂಶ ಎಲ್ಲರೂ ನೋಡಿದರು.

ಆಮೇಲಿನದ್ದನ್ನು ಚುಟುಕಾಗಿ ಹೇಳಬಹುದು. 1998ರಲ್ಲೇ ಮಿಫ್ತಾ ಎಂಬ ಸಂಸ್ಥೆ ಸ್ಥಾಪಿಸಿದರು. ಅರಬ್ಬಿಯಲ್ಲಿ ಆ ಪದಕ್ಕೆ ಬೀಗದ ಕೈ ಎಂದರ್ಥ. 2001ರಲ್ಲಿ ಅರಬ್ ಲೀಗ್‌ನ ಮಾಧ್ಯಮ ಹೊಣೆ ವಹಿಸಿಕೊಂಡರು. ಎರಡನೇ ಇಂತಿಫಾದಾ ರಕ್ತಮಯವಾಗಿದ್ದಾಗ, 2002ರ ಜೂನ್‌ನಲ್ಲಿ, ಇಸ್ರೇಲಿ ನಾಗರಿಕರ ಮೇಲಿನ ಆತ್ಮಾಹುತಿ ದಾಳಿಗಳನ್ನು ನಿಲ್ಲಿಸಿ ಎಂದು ಪತ್ರಿಕೆಯಲ್ಲಿ ಪ್ರಕಟವಾದ ಮನವಿಗೆ ತತ್ವಶಾಸ್ತ್ರ ಪ್ರಾಧ್ಯಾಪಕ ಸಾರಿ ನುಸೈಬೆಯವರ ಜತೆ ಸಹಿ ಹಾಕಿದರು. ಆಗಿನ ವಾತಾವರಣದಲ್ಲಿ ಅದಕ್ಕೆ ಎದೆಗಾರಿಕೆ ಬೇಕಿತ್ತು. 2003ರಲ್ಲಿ ಸಿಡ್ನಿ ಶಾಂತಿ ಪ್ರಶಸ್ತಿ ಸಿಕ್ಕಿದಾಗ ಅಲ್ಲಿನ ಯಹೂದಿ ಸಂಘಟನೆಗಳು ಬಲವಾಗಿ ವಿರೋಧಿಸಿದವು. 2006ರಲ್ಲಿ ಸಲಾಂ ಫಯ್ಯಾದ್ ಜತೆ ಮೂರನೇ ದಾರಿ ಎಂಬ ಪಟ್ಟಿಯಲ್ಲಿ ನಿಂತರು, ಸಿಕ್ಕಿದ್ದು ಎರಡೇ ಸ್ಥಾನ, ಇಬ್ಬರಿಗೂ ಒಂದೊಂದು. 2009ರಲ್ಲಿ ವಿಮೋಚನಾ ಸಂಘಟನೆಯ ಕಾರ್ಯಕಾರಿ ಸಮಿತಿಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ಬಿರ್ಝೈತ್‌ನ ವಿಶ್ವಸ್ತ ಮಂಡಳಿಯನ್ನೂ ಮುನ್ನಡೆಸಿದರು. 2020ರ ಡಿಸೆಂಬರ್‌ನಲ್ಲಿ ಕಾರ್ಯಕಾರಿ ಸಮಿತಿಗೂ ರಾಜೀನಾಮೆ ಕೊಟ್ಟರು: ಸಮಿತಿಯನ್ನು ನಿರ್ಧಾರಗಳಿಂದ ದೂರ ಇಡಲಾಗುತ್ತಿದೆ, ಯುವಜನರಿಗೆ, ಮಹಿಳೆಯರಿಗೆ, ಬಲ್ಲವರಿಗೆ ಜಾಗ ಬಿಡಬೇಕು, ಚುನಾವಣೆ ನಡೆಯಬೇಕು ಎಂಬುದು ಆಕೆ ಕೊಟ್ಟ ಕಾರಣ. 22 ವರ್ಷಗಳ ಅಂತರದಲ್ಲಿ ಎರಡು ರಾಜೀನಾಮೆ, ದೂರು ಒಂದೇ.

ಆಕೆ ಕ್ರೈಸ್ತರಲ್ಲವೇ, ಆ ಬಗ್ಗೆ ಏನೂ ಬರೆಯಲಿಲ್ಲವಲ್ಲ ಎಂದು ಕೆಲವರು ಕೇಳಿಯಾರು. 1996ರ ಸಭೆಯಲ್ಲಿ ಕ್ರೈಸ್ತರಿಗೆಂದು ಆರು ಸ್ಥಾನ ಮೀಸಲಿತ್ತು, ಜೆರುಸಲೇಮಿನ ಎರಡರಲ್ಲಿ ಒಂದು ಆಕೆಯದ್ದು. ಆದರೆ ತನ್ನನ್ನು ಕ್ರೈಸ್ತರ ಪ್ರತಿನಿಧಿ ಎಂದು ಆಕೆ ಎಂದೂ ಕರೆದುಕೊಳ್ಳಲಿಲ್ಲ. ಹನ್ನಾ ನಾಸಿರ್, ಗಾಬಿ ಬರಾಮ್ಕಿ ಕೂಡ ಕ್ರೈಸ್ತರೇ. ಅಲ್ಲಿನ ಕ್ರೈಸ್ತರು ಸಂಖ್ಯೆಯಲ್ಲಿ ಕಡಿಮೆ, ಶಾಲೆ ಕಟ್ಟುವುದರಲ್ಲಿ ಮುಂದು. ಇದು ಹೊಸತೂ ಅಲ್ಲ. 1843ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ ಮರಿ ಅಲ್ಫೋನ್ಸಿನ್ ಘಟ್ಟಾಸ್ 1880ರಲ್ಲಿ ಜಪಸರ ಭಗಿನಿಯರ ಸಭೆ ಸ್ಥಾಪಿಸಿದ್ದು ಅರಬ್ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲೆಂದೇ. ಆಕೆಯೊಂದಿಗೆ 2015ರ ಮೇ 17ರಂದು ಸಂತಳೆಂದು ಘೋಷಿತಳಾದ ಇನ್ನೊಬ್ಬ ಪ್ಯಾಲೆಸ್ತೀನಿ ಮಗಳು, ನಜರೇತಿನ ಬಳಿಯ ಇಬಿಲಿನ್ ಊರಿನ ಮರಿಯಮ್ ಬವಾರ್ದಿ, ನಮ್ಮ ಮಂಗಳೂರಿನವಳೂ ಹೌದು. 1870ರಲ್ಲಿ ಕಾರ್ಮೆಲ್ ಭಗಿನಿಯರೊಂದಿಗೆ ಇಲ್ಲಿಗೆ ಬಂದು 1871ರ ನವೆಂಬರ್ 21ರಂದು ಇಲ್ಲೇ ವ್ರತ ಸ್ವೀಕರಿಸಿದಳು. ಬಳಿಕ ಬೆತ್ಲೆಹೇಮಿಗೆ ಹೋಗಿ ಕಾರ್ಮೆಲ್ ಮಠ ಕಟ್ಟಿ 1878ರಲ್ಲಿ ಅಲ್ಲೇ ತೀರಿಕೊಂಡಳು. ಬೆತ್ಲೆಹೇಮಿನ ಸುದ್ದಿ ನಮಗೆ ತೀರಾ ಪರದೇಶದ ಸುದ್ದಿಯಲ್ಲ.

ಈಗಿನ ಸುದ್ದಿ ಬಹಳ ಕೆಟ್ಟದ್ದು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಮಂದಿ ಹತರಾದರು. ಅನಂತರದ ಯುದ್ಧದಲ್ಲಿ ಗಾಜಾದ ಎಲ್ಲ ವಿಶ್ವವಿದ್ಯಾಲಯಗಳೂ ಹಾನಿಗೊಳಗಾದವು. 2024ರ ಜನವರಿಯಲ್ಲಿ ಇಸ್ರಾ ವಿಶ್ವವಿದ್ಯಾಲಯದ ಕಟ್ಟಡವನ್ನು ಸ್ಫೋಟಕ ಇಟ್ಟು ನೆಲಸಮ ಮಾಡಿದರು. ನಮ್ಮ ದೇಶದ ನೆರವಿನಿಂದ ಜವಾಹರಲಾಲ್ ನೆಹರೂ ಹೆಸರಿನಲ್ಲಿ ಗ್ರಂಥಾಲಯ ಕಟ್ಟಿಸಿಕೊಂಡಿದ್ದ ಅಲ್-ಅಝರ್ ವಿಶ್ವವಿದ್ಯಾಲಯವೂ ಧ್ವಂಸವಾಯಿತು. ಆರು ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳು ತರಗತಿ ಕಳೆದುಕೊಂಡರು. ನಿರಾಶ್ರಿತರು ತಂಗಿದ್ದ ಪವಿತ್ರ ಕುಟುಂಬ ಶಾಲೆಯ ಮೇಲೆ 2024ರ ಜುಲೈಯಲ್ಲಿ ದಾಳಿಯಾಯಿತು, ಅದೇ ಹೆಸರಿನ ಇಗರ್ಜಿಯ ಮೇಲೆ 2025ರ ಜುಲೈಯಲ್ಲಿ ಶೆಲ್ ಬಿದ್ದು ಮೂವರು ಸತ್ತರು, ವಿಗಾರ್ ಗಾಬ್ರಿಯೆಲ್ ರೊಮನೆಲ್ಲಿ ಗಾಯಗೊಂಡರು. ಗಾಜಾದ ಅಧ್ಯಾಪಕರು 2024ರಿಂದಲೇ ಡೇರೆಗಳಲ್ಲಿ ಕೂತು ಮೊಬೈಲ್ ಮೂಲಕ ಪಾಠ ಶುರುಮಾಡಿದ್ದಾರೆ. 1988ರಲ್ಲಿ ಪಾಠ ಕೇಳಲು ಕನಿಷ್ಠ ಒಂದು ಚಾವಡಿ ಇತ್ತು.

ಪಶ್ಚಿಮ ದಂಡೆಯಲ್ಲಿ ಇಸ್ರೇಲ್ ಸುಂಕದ ಹಣ ತಡೆಹಿಡಿಯುವುದು ಮುಂದುವರಿದು, ಪ್ರಾಧಿಕಾರ ಶಿಕ್ಷಕರಿಗೆ ಪೂರ್ತಿ ಸಂಬಳ ಕೊಡಲಾಗದೆ, 2025ರ ಸೆಪ್ಟೆಂಬರ್‌ನಲ್ಲಿ ಸರಕಾರಿ ಶಾಲೆಗಳ ವರ್ಷಾರಂಭವೇ ತಡವಾಯಿತು. ಮಾನ್ಯತೆ ಘೋಷಿಸಿದ ತಿಂಗಳೂ ಅದೇ. ಸುಂಕ ಸಂಗ್ರಹದ ವ್ಯವಸ್ಥೆ 1994ರದ್ದು ಹಾಗೆಯೇ ಇದೆ.

ಪ್ಯಾಲೆಸ್ತೀನಿನ ಶಾಸನ ಸಭೆಗೆ ಕೊನೆಯ ಚುನಾವಣೆ ನಡೆದದ್ದು 2006ರ ಜನವರಿ 25ರಂದು. 2021ರ ಮೇ ತಿಂಗಳಿಗೆ ಘೋಷಿಸಿದ್ದ ಚುನಾವಣೆಯನ್ನು ಅಧ್ಯಕ್ಷ ಮಹಮೂದ್ ಅಬ್ಬಾಸ್, ಜೆರುಸಲೇಮಿನಲ್ಲಿ ಮತದಾನಕ್ಕೆ ಇಸ್ರೇಲ್ ಒಪ್ಪಿಲ್ಲವೆಂಬ ಕಾರಣ ಕೊಟ್ಟು ಮುಂದೂಡಿದರು. 2025ರಲ್ಲಿ ಬಿರ್ಝೈತ್‌ಗೆ ಹೊಸದಾಗಿ ಸೇರಿದ ಹದಿನೆಂಟರ ಹುಡುಗಿ ಹುಟ್ಟಿದ್ದೇ ಆ ಕೊನೆಯ ಚುನಾವಣೆಯ ನಂತರ. ಬಿರ್ಝೈತ್‌ನ ವಿದ್ಯಾರ್ಥಿ ಸಂಘಕ್ಕೆ ಮಾತ್ರ 2022ರಲ್ಲೂ 2023ರಲ್ಲೂ ಮತದಾನ ನಡೆದಿತ್ತು, ಮತ ಎಣಿಸುವಾಗ ಇಡೀ ದೇಶದ ಪತ್ರಕರ್ತರು ಆ ಕ್ಯಾಂಪಸ್ಸಿನಲ್ಲಿ ಸೇರಿದ್ದರು.